ಏಣಿ ಹತ್ತಬೇಡಿ, ಹಾಡು ಅಡುಗೆಮನೇಲಿದೆ

ನಮ್ಮನೇಲಿ ಐದು ಜನ, ಐದು ಫೋನು, ಹಾಡಿನ ಆ್ಯಪ್‌ಗೆ ಮಾತ್ರ ಒಂದೇ ಅಕೌಂಟು. ಅದೂ ಒಬ್ಬರಿಗೆ ಅಂತ ಇರೋದು. ಇಲ್ಲಿ ಒಬ್ಬರು ಪ್ಲೇ ಒತ್ತಿದ್ರೆ ಅಲ್ಲಿ ಇನ್ನೊಬ್ಬರ ಕಿವೀಲಿ ಹಾಡು ಗಪ್‌ಚುಪ್.

"ಫ್ಯಾಮಿಲಿ ಪ್ಲಾನ್ ತಗೊಳ್ಳೋಣ ಅಪ್ಪಾ, ಒಂದೇ ಮನೇಲಿರೋರಿಗೆ ಅಂತಾನೇ ಮಾಡಿದಾರೆ, ಎಲ್ಲರಿಗೂ ಅವರವರದೇ ಅಕೌಂಟ್ ಸಿಗುತ್ತೆ" ಅಂತ ಹೇಳಿ ಹೇಳಿ ನನ್ನ ನಾಲಿಗೆ ಸವೆದುಹೋಗಿತ್ತು. ಅಪ್ಪ ವ್ಯಾನ್ ಓಡಿಸ್ತಾರೆ, ಮನೆಮನೆಗೆ ಫ್ರಿಜ್ಜು, ವಾಷಿಂಗ್ ಮಷೀನು ಇಳಿಸೋ ಕೆಲಸ. ಅವರದ್ದು ಒಂದೇ ಮಾತು. "ಒಂದೇ ಬಾಗಿಲು, ಒಂದೇ ಒಲೆ, ಹಾಡು ಮಾತ್ರ ಐದು ಯಾಕೆ? ಒಬ್ಬೊಬ್ಬರು ಒಂದೊಂದು ಕೇಳ್ಕೊಂಡು ಕೂತ್ರೆ ಅದು ಮನೆ ಅಲ್ಲ, ಬಸ್‌ಸ್ಟ್ಯಾಂಡು."

ಹಂಗಾಗಿ ನಾವು ಕಿತ್ಕೊಂಡು ಕಿತ್ಕೊಂಡು ಕೇಳೋದು. ಅದಕ್ಕೂ ಒಂದು ಮರ್ಯಾದೆ ಇದೆ ಮತ್ತೆ! ಪ್ಲೇ ಒತ್ತೋಕೆ ಮುಂಚೆ "ಕಿತ್ಕೊಂಡೆ!" ಅಂತ ಕೂಗಬೇಕು. ಮನೇಲಿ ಇಲ್ದಿದ್ರೆ ಮನೆ ಗ್ರೂಪಲ್ಲಿ ಹಾಕಬೇಕು. ಅಮ್ಮ ಹೊಲಿಗೆ ಅಂಗಡೀಲಿ ಪರದೆ ಅಂಚು ಹೊಲೀತಾ ಹಾಡು ಗುನುಗ್ತಿರ್ತಾರೆ, ಸರಿಯಾಗಿ ಅದು ಮೇಲೆ ಹೋಗೋ ಜಾಗದಲ್ಲೇ ಅಪ್ಪ ವ್ಯಾನಿನಿಂದ "ಕಿತ್ಕೊಂಡೆ" ಅಂತಾರೆ. ಸಂಜೆ ಮನೆಗೆ ಬಂದ ಮೇಲೆ ಅಮ್ಮ ಅವರ ಜೊತೆ ಮಾತೇ ಆಡಲ್ಲ. ಇದು ವಾರಕ್ಕೆರಡು ಸಲ ಇದ್ದಿದ್ದೇ.

ಅಜ್ಜಿಗೆ ಫೋನಲ್ಲಿ ಹಾಡು ಹಾಕ್ಕೊಳ್ಳೋಕೆ ಬರಲ್ಲ. ಅವಳಿಗೆ ಅಡುಗೆಮನೆ ಕಿಟಕಿ ಮೇಲೆ ಒಂದು ಸ್ಪೀಕರ್ ಇಟ್ಟಿದೀವಿ, ಅವಳು ಅದನ್ನ ಡಬ್ಬಿ ಅಂತಾಳೆ. ಮಧ್ಯಾಹ್ನ ಮಲಗಿ ಏಳೋ ಹೊತ್ತಿಗೆ ಡಬ್ಬಿ ತಾನಾಗೇ ಹಳೇ ಹಾಡು ಶುರು ಮಾಡೋ ಹಾಗೆ ನಾನೇ ಸೆಟ್ ಮಾಡಿಟ್ಟಿದ್ದೆ. ಮಾಡಿದ್ದೂ ನಾನೇ, ಮರೆತಿದ್ದೂ ನಾನೇ. ಆ ಕಥೆನೇ ಈಗ ಹೇಳ್ತಿರೋದು.

ನಮ್ಮಕ್ಕ ಈಜುಕೊಳದಲ್ಲಿ ಲೈಫ್‌ಗಾರ್ಡ್. ಎತ್ತರದ ಕುರ್ಚೀಲಿ ಕೂತು, ಯಾರೂ ಮುಳುಗದೇ ಇರೋದನ್ನ ದಿನಾ ನೋಡೋ ಕೆಲಸ. ಅವಳ ಆಸೆ ಬೇರೇನೇ ಇತ್ತು. ಪೂಲ್ ಗ್ಲಾಸಿನಾಚೆ ನಿಂತು ನೋಡ್ಕೊಂಡು ಹಾಗೇ ಹೋಗಿಬಿಡ್ತಾರಲ್ಲ ಒಂದಷ್ಟು ಹೆಂಗಸರು, ಮಂಡಿ ನೋವಿರೋರು, ನೀರು ಕಂಡ್ರೆ ಎದೆ ಡವಡವ ಅನ್ನೋರು, ಅವರಿಗೆ ಎದೆಮಟ್ಟದ ನೀರಲ್ಲಿ ವ್ಯಾಯಾಮದ ಕ್ಲಾಸ್ ಮಾಡಬೇಕು ಅಂತ. ಮ್ಯಾನೇಜರ್ ಹಿಂದೆ ಬಿದ್ದು ಬಿದ್ದು ಕೊನೆಗೆ ಒಂದು ಟ್ರಯಲ್ ಕ್ಲಾಸ್ ಗಿಟ್ಟಿಸಿದ್ಲು.

"ನೋಡಮ್ಮಾ," ಅಂದ್ರಂತೆ ಮ್ಯಾನೇಜರ್, "ಹೆದರೋ ಜನ ಇವರು. ಒಬ್ಬರು ಮೇಲೆ ಹತ್ತಿದ್ರೆ ಹಿಂದೇನೇ ಎಲ್ಲಾ ಹತ್ತುತಾರೆ. ಕ್ಲಾಸ್ ಮುಗಿಯೋ ತನಕ ಒಬ್ಬರೂ ನೀರಿಂದ ಹೊರಗೆ ಬರಬಾರದು. ಹಾಗಾದ್ರೆ ವಾರಕ್ಕೊಂದು ದಿನ ಆ ಮಧ್ಯಾಹ್ನದ ಹೊತ್ತು ಖಾಯಂ ನಿಂದು. ಇಲ್ಲಾಂದ್ರೆ ಡೈವಿಂಗ್ ಕ್ಲಬ್‌ನವರಿಗೆ ಕೊಟ್ಬಿಡ್ತೀನಿ. ಆಮೇಲೆ ನನ್ನ ತಲೆ ತಿನ್ನಬಾರದು."

ಅಕ್ಕಂಗೆ ಎಲ್ಲಾ ಬರುತ್ತೆ, ದನಿ ಒಂದು ಬರಲ್ಲ. ಮನೇಲಿ ಉಪ್ಪು ಕೇಳಿದ್ರೂ ಪಕ್ಕದಲ್ಲಿ ಕೂತೋರಿಗೆ ಕೇಳ್ಸಲ್ಲ. ಪೂಲಲ್ಲಂತೂ ಗೋಡೆಯಿಂದ ಗೋಡೆಗೆ ಪ್ರತಿಧ್ವನಿ, ಅವಳ ಮಾತು ಎರಡು ಮೊಳ ದಾಟಲ್ಲ. ಅದಕ್ಕೇ ಅವಳ ಕ್ಲಾಸೆಲ್ಲಾ ಹಾಡಿನ ಮೇಲೆ ನಿಂತಿತ್ತು. "ತಾಳ ಕೇಳ್ತಿದ್ರೆ ನೀರಿದೆ ಅನ್ನೋದೇ ಮರೆತುಹೋಗ್ತಾರೆ ಕಣೇ. ಸದ್ದು ನಿಂತ್ರೆ ಮುಗೀತು, ತಮ್ಮ ಎದೆಬಡಿತ ತಮಗೇ ಕೇಳ್ಸುತ್ತೆ." ಅವಳು ನೀರಲ್ಲಿ ಮಾಡಿ ತೋರಿಸೋದು, ದಡದಲ್ಲಿ ಕೂತು ಹಾಡು ನೋಡ್ಕೊಳ್ಳೋದು ನಾನು.

ಹಿಂದಿನ ದಿನ ಊಟಕ್ಕೆ ಕೂತಾಗ ಅಕ್ಕ ಎಲ್ಲರ ಕೈಲೂ ಮಾತು ತಗೊಂಡ್ಲು. ನಾಳೆ ಯಾರೂ ಕಿತ್ಕೊಳ್ಳಂಗಿಲ್ಲ.

"ನಾನು ಫೋನೇ ಮುಟ್ಟಲ್ಲ" ಅಂದ್ರು ಅಪ್ಪ.

"ಇವರು ಮುಟ್ಟಿದ್ರೆ ನಾನು ಕೈ ಮುರೀತೀನಿ" ಅಂದ್ರು ಅಮ್ಮ.

"ನಾನು ಡಬ್ಬಿ ಕಡೆ ತಿರುಗೂ ನೋಡಲ್ಲ ಕಣೇ" ಅಂದ್ಲು ಅಜ್ಜಿ.

ಪಾಪ, ಅಜ್ಜಿ ತಿರುಗಿ ನೋಡ್ಲೂ ಇಲ್ಲ.

ಮಾರನೇ ದಿನ ನೋಡ್ಬೇಕಿತ್ತು ನೀವು! ಇಪ್ಪತ್ತು ಚಿಲ್ಲರೆ ಹೆಂಗಸರು, ಎಲ್ಲರ ತಲೆ ಮೇಲೂ ಬಿಗಿ ಟೋಪಿ, ಎಲ್ಲರ ಮುಖದಲ್ಲೂ ಇಂಜೆಕ್ಷನ್ ರೂಮಿನ ಹೊರಗೆ ಕೂತಿರೋ ಕಳೆ. ಎಲ್ಲರಿಗಿಂತ ಜಾಸ್ತಿ ಹೆದರಿದ್ದು ಕೆಂಪು ಟೋಪಿ ಹಾಕಿದ್ದ ರಿಟೈರ್ಡ್ ನರ್ಸಮ್ಮ. ಜೀವನವೆಲ್ಲಾ ಬೇರೆಯವರಿಗೆ ಸೂಜಿ ಚುಚ್ಚಿದೋರು, ಇಲ್ಲಿ ಏಣಿ ಕಂಬಿ ಬಿಡೋಕೇ ತಯಾರಿಲ್ಲ. ಅಪ್ಪ ಅಮ್ಮ ಇಬ್ಬರೂ ರಜ ಹಾಕಿ ಬಂದು ಬೆಂಚಲ್ಲಿ ಕೂತಿದ್ರು. ಮೆಟ್ಟಿಲು ಜಾರುತ್ತೆ ಅಂತ ಅಜ್ಜಿ ಒಬ್ಬಳು ಮನೇಲಿದ್ಲು. ಮ್ಯಾನೇಜರ್ ಕೈಕಟ್ಟಿ ಕಂಬಕ್ಕೊರಗಿ ನಿಂತಿದ್ರು.

ನನ್ನ ಫೋನು ಪೂಲಿನ ದೊಡ್ಡ ಸ್ಪೀಕರಿಗೆ ಸೇರ್ಕೊಂಡ್ತು. ಪ್ಲೇ ಒತ್ತಿದೆ. ಧಡ್ ಧಡ್ ಧಡ್! ನೀಲಿ ಟೈಲ್ಸೆಲ್ಲಾ ನಡುಗಿದ ಹಾಗಾಯ್ತು. ಅಕ್ಕ ತೋಳೆತ್ತಿದ್ಲು, ಇಪ್ಪತ್ತು ಜೊತೆ ತೋಳು ಎದ್ವು. ಅಕ್ಕ ಮಂಡಿ ಎತ್ತಿದ್ಲು, ನೀರು ಕುದಿಯೋಕೆ ಶುರುವಾಯ್ತು. ಎರಡನೇ ಹಾಡಿಗೆ ಯಾರೋ ಕಿಸಕ್ಕಂತ ನಕ್ರು. ಮೂರನೇದಕ್ಕೆ ನರ್ಸಮ್ಮ ಒಂದು ಕೈ ಬಿಟ್ರು, ನಾಲ್ಕನೇದಕ್ಕೆ ಎರಡೂ! ಅಮ್ಮ ಬೆಂಚಲ್ಲಿ ಕೂತೇ ಮಂಡಿ ಎತ್ತುತಿದ್ರು. ನಾನು ಮನಸ್ಸಲ್ಲೇ ಮ್ಯಾನೇಜರಿಗೆ ಹೇಳ್ದೆ, ಹೆಂಗೆ ಸಾರ್?

ಹಾಡು ನಿಂತುಹೋಯ್ತು.

ಏನು ಸದ್ದಿಲ್ಲ ಅಂದ್ರೆ ಏನೂ ಇಲ್ಲ, ಎಲ್ಲೋ ನಲ್ಲಿ ತೊಟ್ಟಿಕ್ಕೋದು ಕೇಳ್ತಿದೆ. ಫೋನ್ ನೋಡ್ದೆ. 'ಅಡುಗೆಮನೆಯಲ್ಲಿ ಹಾಡ್ತಿದೆ' ಅಂತಿದೆ. ಅಯ್ಯೋ! ಅಜ್ಜಿ ಏಳೋ ಹೊತ್ತು! ಡಬ್ಬಿ!

ವಾಪಸ್ ಕಿತ್ಕೊಳ್ಳೋಣ ಅಂತ ಒತ್ತಿದ್ರೆ, ನನ್ನ ಬೆರಳು ಒದ್ದೆ, ಫೋನಿಗೆ ಪ್ಲಾಸ್ಟಿಕ್ ಕವರ್ ಬೇರೆ. ಎಲ್ಲಿ ಒತ್ತಿದ್ನೋ, ಏನು ಎಳೆದ್ನೋ, ಅಜ್ಜಿಯ ಹಳೇ ಹಾಡು ಹೋಯ್ತು, ಕ್ಲಾಸಿನ ಹಾಡು ಬಂತು. ಬಂದಿದ್ದು ಇಲ್ಲಿಗಲ್ಲ, ಅಡುಗೆಮನೆಗೆ! ಅದೂ ಫುಲ್ ವಾಲ್ಯೂಮು!

ನೀರಲ್ಲಿ ಎಲ್ಲರ ಮುಖಾನೂ ಬದಲಾಯ್ತು. "ಮುಗೀತಾ?" "ಮುಗೀತು ಅನ್ಸುತ್ತೆ." ಅಕ್ಕ ಬಾಯಿ ಆಡಿಸ್ತಿದಾಳೆ, ಇನ್ನೂ ಇದೆ, ಇನ್ನೂ ಇದೆ ಅಂತ, ಯಾರಿಗೂ ಕೇಳ್ತಿಲ್ಲ. ನರ್ಸಮ್ಮ ಮತ್ತೆ ಕಂಬಿ ಹಿಡ್ಕೊಂಡ್ರು. ಒಂದು ಕಾಲು ಏಣಿ ಮೇಲಿಟ್ರು. ಅವರ ಹಿಂದೆ ಇನ್ನಿಬ್ಬರು ಏಣಿ ಕಡೆ ಹೊರಟೇಬಿಟ್ರು. ಮ್ಯಾನೇಜರ್ ಕಂಬ ಬಿಟ್ಟು ನೆಟ್ಟಗೆ ನಿಂತ್ರು.

ಆಗ ಫೋನ್ ರಿಂಗಾಯ್ತು. ಅಜ್ಜಿ! ಕಟ್ ಮಾಡೋಕೆ ಹೋದೆ, ಆ ಹಾಳು ಬೆರಳು ಎತ್ತಿಬಿಡ್ತು.

"ಏ ಪಟಪಟಿ!"

ಅದು ನಾನು. ಅಜ್ಜಿ ಇಟ್ಟ ಹೆಸರು. ಪೂಲಿನ ದೊಡ್ಡ ಸ್ಪೀಕರಿನಿಂದ ಬಂತು ಅದು, ಆಕಾಶವಾಣಿ ಥರ. ನಮ್ಮಜ್ಜಿ ಬಟ್ಟೆ ಮಿಲ್ಲಲ್ಲಿ ಮಗ್ಗಗಳ ಸದ್ದಿನ ಮೇಲೆ ಕೂಗಿ ಕೂಗಿ ಬೆಳೆಸಿದ ಗಂಟಲು. ನೀರಲ್ಲಿದ್ದೋರೆಲ್ಲಾ ಬೆಚ್ಚಿಬಿದ್ದು ಮೇಲೆ ನೋಡಿದ್ರು.

"ಏನೇ ಇದು! ಡಬ್ಬಿಗೆ ಏನೋ ಬಡ್ಕೊಂಡಿದೆ! ಧಡ್ ಧಡ್ ಅಂತಿದೆ, ತಟ್ಟೆ ಲೋಟ ಎಲ್ಲಾ ಕುಣೀತಿವೆ! ನಾನು ಮುಟ್ಟಿಲ್ಲ ಕಣೇ, ನಿಮ್ಮಕ್ಕಂಗೆ ಹೇಳು, ನಾನು ತಿರುಗೂ ನೋಡಿಲ್ಲ!"

ಯಾರೋ ಪುಸಕ್ಕಂತ ನಕ್ರು.

"ಅಜ್ಜೀ, ನೀನು ಮಾತಾಡ್ತಿರೋದು ಇಡೀ ಪೂಲಿಗೆ ಕೇಳ್ತಿದೆ!"

"ಹಾಂ? ಯಾರ್ಯಾರಿದಾರೆ?"

"ಎಲ್ಲಾ ಇದಾರೆ! ಹಾಡು ನಿಂತೋಯ್ತು ಅಂತ ಏಣಿ ಹತ್ತಿ ಹೊರಟಿದಾರೆ!"

ಹಿಂದೆ ಡಬ್ಬಿ ಧಡ್ ಧಡ್ ಅಂತಾನೇ ಇತ್ತು. ಅದರ ಮೇಲೆ ಗುಡುಗಿತು ನೋಡಿ ಅಜ್ಜಿ ಗಂಟಲು.

"ಯಾರದು ಏಣಿ ಮೇಲೆ? ಇಳೀರಿ ಕೆಳಗೆ!"

ನರ್ಸಮ್ಮ ಇಳಿದ್ರು. ಸತ್ಯವಾಗ್ಲೂ, ಇಸ್ಕೂಲ್ ಹುಡುಗಿ ಥರ ಇಳಿದ್ರು. ಹಿಂದಿದ್ದ ಇಬ್ಬರೂ ತಿರುಗಿ ಬಂದು ಅವರವರ ಜಾಗದಲ್ಲಿ ನಿಂತ್ಕೊಂಡ್ರು.

"ನಮ್ಮ ಮೊಮ್ಮಗಳು ತಿಂಗಳುಗಟ್ಟಲೆ ಒದ್ದಾಡಿ ನಿಮ್ಮನ್ನ ನೀರಿಗಿಳಿಸಿದಾಳೆ, ಮೈ ಒದ್ದೆ ಮಾಡ್ಕೊಂಡು ಹಾಗೇ ಹೋಗೋದಾ? ಆ ಭಾಗ್ಯಕ್ಕೆ ಮನೇಲಿ ಸ್ನಾನ ಮಾಡ್ಬೋದಿತ್ತಲ್ಲ!"

ಈಗ ಎಲ್ಲರೂ ನಗ್ತಿದಾರೆ. ನಾನು ಕಾಲ್ ಕಟ್ ಮಾಡಿ ಹಾಡು ಕಿತ್ಕೊಳ್ಳೋಣ ಅಂತ ಬೆರಳಿಟ್ಟೆ.

"ಕಟ್ ಮಾಡ್ಬೇಡ!"

ಯಾರು ಕೂಗಿದ್ದು ಅಂತ ತಿರುಗಿ ನೋಡಿದ್ರೆ, ನಮ್ಮಕ್ಕ! ಉಪ್ಪು ಕೇಳೋಕೆ ಬರದ ನಮ್ಮಕ್ಕ! ಗೋಡೆ ಗೋಡೆಗೂ ಬಡಿದು ಬಂತು ಅವಳ ದನಿ. ಅಪ್ಪ ಬೆಂಚಿಂದ ಎದ್ದೇಬಿಟ್ರು.

"ಅಜ್ಜೀ! ಫೋನ್ ಡಬ್ಬಿ ಹತ್ರ ಹಿಡ್ಕೋ! ಆ ತಾಳಕ್ಕೆ ಸರಿಯಾಗಿ ಎಣಿಸು. ನಾನು ಇಲ್ಲಿ ಮಾಡಿಸ್ತೀನಿ!"

"ಎಷ್ಟರ ತನಕ?"

"ಎಂಟು! ಆಮೇಲೆ ಮತ್ತೆ ಒಂದರಿಂದ!"

"ಸರಿ, ಎಲ್ಲಾ ತಯಾರಾ? ಒಂದೂ! ಎರಡೂ!"

ಹೇಗಿತ್ತು ಅಂತೀರಾ! ಹಿಂದೆ ಸಣ್ಣಗೆ ಧಡ್ ಧಡ್, ಅದರ ಜೊತೆ ನಮ್ಮನೆ ತಟ್ಟೆಗಳ ಕಿಣಿಕಿಣಿ, ಮೇಲೆ ಅಜ್ಜಿ ಗಂಟಲು. ಅಕ್ಕ ಎರಡೂ ಕೈಯೆತ್ತಿ "ಈಗ ಎಡಗಡೆ!" ಅಂತಾಳೆ, ಅಜ್ಜಿ "ಐದೂ, ಆರೂ!" ಅಂತಾಳೆ. ನೀರು ದಡ ಮೀರಿ ಬಂದು ನನ್ನ ಚಪ್ಪಲಿ ತೇಲಿಸ್ಕೊಂಡು ಹೋಯ್ತು.

"ಯಾರೋ ಒಬ್ಬರು ಮಂಡಿ ಎತ್ತುತಿಲ್ಲ" ಅಂದ್ಲು ಅಜ್ಜಿ ಇದ್ದಕ್ಕಿದ್ದ ಹಾಗೆ.

ಐದಾರು ಜನ ದಬಕ್ಕಂತ ಮಂಡಿ ಎತ್ತಿದ್ರು.

"ನಿಮಗೆ ಹೆಂಗೆ ಗೊತ್ತಾಯ್ತು ಅಜ್ಜೀ?" ಅಂತ ನರ್ಸಮ್ಮ ನೀರಿಂದಾನೇ ಕೂಗಿದ್ರು.

"ಯಾವಾಗ್ಲೂ ಯಾರೋ ಒಬ್ಬರು ಎತ್ತುತಿರಲ್ಲ ಕಣಮ್ಮಾ! ಏಳೂ! ಎಂಟೂ!"

ನರ್ಸಮ್ಮ ನಕ್ಕು ನಕ್ಕು ನೀರು ಕುಡಿದ್ರು, ಕೆಮ್ಮಿದ್ರು, ಕಣ್ಣೊರೆಸ್ಕೊಂಡ್ರು. ಆಮೇಲೆ ಗೊತ್ತಾಯ್ತು ನಂಗೆ, ಅವರು ಪೂಲಿನ ಮಧ್ಯದಲ್ಲಿದಾರೆ. ಕಂಬಿ ಎಲ್ಲೋ, ಅವರೆಲ್ಲೋ.

ಅಪ್ಪ ಮೆಲ್ಲಗೆ ನನ್ನ ಪಕ್ಕ ಬಂದು ಕುಕ್ಕರಗಾಲಲ್ಲಿ ಕೂತ್ರು. ತಮ್ಮ ಫೋನ್ ತೆಗೆದ್ರು. "ಆ ಫ್ಯಾಮಿಲಿ ಪ್ಲಾನು ಎಲ್ಲಿ ಒತ್ತಬೇಕೇ?"

"ಈಗಲಾ?"

"ಈಗಲೇ. ಮೊದಲು ಅಜ್ಜೀನ ಸೇರಿಸು. ಆಮೇಲೆ ಅಕ್ಕ. ನಾನು ಕೊನೇಲಿ."

"ಬಸ್‌ಸ್ಟ್ಯಾಂಡು ಅಂತಿದ್ರಲ್ಲ?"

"ಸುಮ್ನೆ ಒತ್ತೇ, ತಲೆಹರಟೆ!"

ಎಲ್ಲರೂ ಒಂದೇ ಮನೇಲಿ ಇದೀರಾ ಅಂತ ಕೇಳ್ತು ಅದು. ಅಪ್ಪ ಸ್ಪೀಕರ್ ಕಡೆ ಒಂದು ಸಲ ನೋಡಿ, ಹೌದು ಅಂತ ಒತ್ತಿದ್ರು.

ಹೊತ್ತಾಯ್ತು. ಮ್ಯಾನೇಜರ್ ಕೈಗಡಿಯಾರ ನೋಡ್ಕೊಂಡು ಮುಂದೆ ಬಂದು ಚಪ್ಪಾಳೆ ತಟ್ಟಿದ್ರು. "ಆಯ್ತು, ಮುಗೀತು! ಎಲ್ಲಾ ಮೇಲೆ ಬನ್ನಿ!"

ಯಾರೂ ಬರಲಿಲ್ಲ.

"ಅಮ್ಮಾ, ಮುಂದಿನ ಬ್ಯಾಚ್‌ನವರು ಬಟ್ಟೆ ಬದಲಾಯಿಸ್ಕೊಂಡು ಕಾಯ್ತಿದಾರೆ."

"ಇನ್ನೊಂದು ಎಂಟು ಸಾರ್!" ಅಂದ್ರು ನರ್ಸಮ್ಮ. "ಹೂಂ, ಇನ್ನೊಂದು ಎಂಟು!" ಅಂದ್ರು ಎಲ್ಲಾ. ಸ್ಪೀಕರಿನಿಂದ ಅಜ್ಜಿ ಕೇಳಿದ್ಲು, "ಯಾರದು ಮಧ್ಯ ಬಾಯಿ ಹಾಕ್ತಿರೋದು? ಒಂದೂ!"

ಮ್ಯಾನೇಜರ್ ಏಣಿ ಹತ್ರ ನಿಂತು, ಹೊರಗೆ ಬನ್ನಿ ಅಂತ ಕೈ ಮಾಡಿ ಮಾಡಿ ಸೋತ್ರು. ಕೊನೆಗೆ ದಡದಲ್ಲಿ ಬಗ್ಗಿ ಅಕ್ಕನ್ನ ಕರೆದ್ರು. "ಏನಮ್ಮಾ ಇದು? ಇವರನ್ನ ಹೊರಗೆ ಕರ್ಕೊಂಡು ಬಾ."

ಅಕ್ಕ ನೀರಲ್ಲೇ ನಡ್ಕೊಂಡು ಬಂದು ಅವರ ಮುಂದೆ ನಿಂತ್ಲು. ಕೂದಲಿಂದ ನೀರು ಇಳೀತಿದೆ, ಮುಖ ಕೆಂಪಗಾಗಿದೆ, ನಾನು ಅವಳನ್ನ ಹಾಗೆ ನೋಡೇ ಇರ್ಲಿಲ್ಲ.

"ಒಬ್ಬರೂ ಹೊರಗೆ ಬರಬಾರದು ಅಂದ್ರಿ ಸಾರ್. ಬಂದಿಲ್ಲ."

"ಗೊತ್ತಮ್ಮಾ, ಕಾಣ್ತಿದೆ. ಆ ಹೊತ್ತು ನಿಂದೇ, ಆಯ್ತಾ? ಈಗ ಕರಿ."

"ವಾರಕ್ಕೆ ಎರಡು ದಿನ ಸಾರ್."

"ಒಂದು ಅಂತ ಅಲ್ವಾ ನಾವು ಮಾತಾಡಿದ್ದು?"

ಅಕ್ಕ ಮೆಲ್ಲಗೆ ತಿರುಗಿದ್ಲು, ಎರಡೂ ತೋಳೆತ್ತಿದ್ಲು. ಅವಳ ಹಿಂದೆ ಇಪ್ಪತ್ತು ಚಿಲ್ಲರೆ ಜೊತೆ ತೋಳು ಮೇಲೆದ್ವು.

"ಎರಡು! ಎರಡು ದಿನ!" ಅಂತ ಕೂಗಿದ್ರು ಮ್ಯಾನೇಜರ್, ಪ್ಯಾಂಟಿಗೆಲ್ಲಾ ನೀರು ಚಿಮ್ಮಿಸ್ಕೊಂಡು.

"ಮೂರೂ!" ಅಂದ್ಲು ಅಜ್ಜಿ.