ರಾಯಭಾರಿಗೆ ಹೇಳಿದ ಮಾತು

ಪುಸ್ತಕಗಳಿಗೆ ರಟ್ಟು ಕಟ್ಟುವ ಆತನಿಗೂ ಅವನ ಹೆಂಡತಿಗೂ ಮಾತು ನಿಂತು ಒಂಬತ್ತು ದಿನವಾಗಿತ್ತು. ಕಾರಣ ಬೆಕ್ಕು. ಅಂಟು ಹಚ್ಚಿ ಒಣಗಲಿಟ್ಟ ನಿಘಂಟಿನ ಮೇಲೆ ಅದು ಮಹಾರಾಜನ ಗತ್ತಿನಲ್ಲಿ ಕೂತು, ಏಳುವಾಗ ಹೊಟ್ಟೆಯ ಕೂದಲನ್ನೆಲ್ಲ ಅಲ್ಲೇ ಬಿಟ್ಟು ಎದ್ದಿತ್ತು. ಆತ ಸಿಟ್ಟಿನಲ್ಲಿ ಅಳತೆಪಟ್ಟಿ ಬೀಸಿದ. ಏಟು ಬೆಕ್ಕಿಗೆ ತಗುಲಲಿಲ್ಲ, ಹೆಂಡತಿಯ ಮನಸ್ಸಿಗೆ ತಗುಲಿತು.

ಮಾತು ನಿಂತರೆ ಸಂಸಾರ ನಿಲ್ಲುತ್ತದೆಯೇ? ಅದೇ ಬೆಕ್ಕು ನಡುವೆ ನಿಂತು ರಾಯಭಾರಿಯಾಯಿತು.

"ರಾಯಭಾರಿ, ಆ ಮನುಷ್ಯಂಗೆ ಹೇಳು, ಕಾಫಿ ಆರ್ತಾ ಇದೆ ಅಂತ" ಎಂದು ಆಕೆ ಅಡುಗೆಮನೆಯಿಂದ.

"ಸಕ್ಕರೆ ಕಮ್ಮಿ ಅಂತ ಹೇಳಪ್ಪ" ಎಂದು ಆತ ಮುಂದಿನ ಕೋಣೆಯಿಂದ.

ಸುದ್ದಿ ತಲುಪಿತು ಅನ್ನುವುದಕ್ಕೆ ಆಕೆ ಒಂದು ಪಾತ್ರೆ ಕುಕ್ಕುತ್ತಿದ್ದಳು. ರಾಯಭಾರಿ ನಡುಬಾಗಿಲ ಹೊಸ್ತಿಲ ಮೇಲೆ ಕೂತು ಪಾದ ನೆಕ್ಕಿಕೊಳ್ಳುತ್ತಿತ್ತು. ಮನೆಯ ಇನ್ನೊಂದು ಬೆಕ್ಕು ಗುಂಡ, ಕಾಗದದ ಪೆಟ್ಟಿಗೆಯಲ್ಲಿ ಗೊರಕೆ ಹೊಡೆಯುತ್ತ, ಈ ರಾಜಕೀಯಕ್ಕೆ ತಲೆ ಹಾಕುತ್ತಿರಲಿಲ್ಲ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುವುದು ಗಾದೆ. ಆ ಮನೆಯಲ್ಲಿ ಚೆಲ್ಲಾಟ ಮನುಷ್ಯರದ್ದಾಗಿತ್ತು.

ಸುಳ್ಳೇಕೆ, ಆತನಿಗೆ ಈ ಏರ್ಪಾಟು ಹಿತವಾಗಿಯೇ ಇತ್ತು. ಮೊದಲು ಬಾಯಿಬಿಟ್ಟವರು ಸೋತಂತೆ, ಆತ ಸೋಲೊಪ್ಪುವ ಪೈಕಿಯಲ್ಲ.

ಹತ್ತನೆಯ ದಿನ ಬೆಳಿಗ್ಗೆ, ಗ್ರಂಥಾಲಯದಿಂದ ಬಂದ ಹಳೆಯ ಪುಸ್ತಕಗಳ ರಟ್ಟು ಬಿಚ್ಚಿದರೆ ಒಳಗೆಲ್ಲ ಹುಳ. ಆತ ಅಂಟಿನ ಬಟ್ಟಲಿಗೆ ಹುಳದ ಮದ್ದು ಬೆರೆಸಿದ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅಲ್ಲಿಯತನಕ ಆ ಮನೆಯ ಅಂಟು ಬರೀ ಮೈದಾ ಮತ್ತು ನೀರು. ಉಳಿದ ಅಂಟಿಗೆ ಹೆಂಡತಿ ಹಾಲು ಬೆರೆಸಿ ಬೆಕ್ಕುಗಳಿಗೆ ಇಡುವುದು ವರ್ಷಗಳ ವಾಡಿಕೆ. ಅದು ಆತನಿಗೆ ಚೆನ್ನಾಗಿ ಗೊತ್ತಿತ್ತು.

"ರಾಯಭಾರಿ, ಒಳಗೆ ಹೋಗಿ ಹೇಳು. ಇವತ್ತು ಅಂಟಿಗೆ ವಿಷ ಹಾಕಿದೀನಿ, ಉಳಿದಿದ್ದನ್ನ ನಿಮಗೆ ಇಡಬಾರದು ಅಂತ" ಎಂದು ಗಟ್ಟಿಯಾಗಿ ಕೂಗಿದ.

ಬೆಕ್ಕು ಆಕಳಿಸಿತು. ಆತ ನಾಲ್ಕು ಪುಸ್ತಕ ಅಂಟಿಸಿ, ಹಿಂದಿನ ವಾರ ಮುಗಿಸಿದ್ದ ಕಟ್ಟನ್ನು ಹೊತ್ತು ಗ್ರಂಥಾಲಯಕ್ಕೆ ಹೊರಟ.

ಅಲ್ಲಿ ಗ್ರಂಥಪಾಲಕಿ ಪುಸ್ತಕದ ಮೇಲೆ ಮೊಹರನ್ನು ಧಪ್ಪೆಂದು ಕುಕ್ಕಿದಳು. ಆ ಸದ್ದಿಗೆ ಆತನಿಗೆ ಮನೆಯ ಪಾತ್ರೆ ನೆನಪಾಯಿತು. ಬೆಳಿಗ್ಗೆ ಪಾತ್ರೆ ಕುಕ್ಕಿದ ಸದ್ದು ಬಂದಿತ್ತೇ? ಬಂದಿರಲಿಲ್ಲ. ತಾನು ಕೂಗುವಾಗ ಮನೆಯ ಹಿತ್ತಲಲ್ಲಿ ಯಾರೋ ಒದ್ದೆ ಬಟ್ಟೆ ಕೊಡವುತ್ತಿದ್ದರು. ಮನೆಯಲ್ಲಿ ಇನ್ಯಾರಿದ್ದಾರೆ, ಆಕೆಯೇ.

ಫೋನ್ ಮಾಡಿದ. ಎರಡು ರಿಂಗಾಗಿ ಕಟ್ಟಾಯಿತು. ಮತ್ತೆ ಮಾಡಿದ, ಮತ್ತೆ ಕಟ್ಟಾಯಿತು. ಹಟದಲ್ಲಿ ಆಕೆಯೂ ಕಡಿಮೆಯವಳಲ್ಲ. ಮೂರನೆಯ ಸಲಕ್ಕೆ ಫೋನ್ ಸ್ವಿಚ್ ಆಫ್.

ಆತ ಬಿದ್ದಂಬೀಳ ಓಡಿದ. ಅಂಗೈಯಷ್ಟಿದ್ದಾಗ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ತಂದ ಬೆಕ್ಕು ರಾಯಭಾರಿ. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಬಾಯಿಬಿಟ್ಟು ಮುದ್ದಿಸಿರಲಿಲ್ಲ, ಆದರೆ ಅದಿಲ್ಲದ ಮನೆಯನ್ನು ನೆನೆಯುವುದು ಅವನಿಂದಾಗಲಿಲ್ಲ. ದಾರಿಯುದ್ದಕ್ಕೂ ಆತನಿಗೆ ಹೆದರಿಕೆಯಾಯಿತು.

ಅಡುಗೆಮನೆಯ ಮೂಲೆಯಲ್ಲಿ ಬೆಕ್ಕುಗಳ ಬಟ್ಟಲು ತೊಳೆದಿಟ್ಟಂತೆ ಖಾಲಿಯಾಗಿತ್ತು. ಗುಂಡ ಪೆಟ್ಟಿಗೆಯಿಂದ ಎದ್ದೇ ಇರಲಿಲ್ಲ, ಸೋಮಾರಿತನ ಅದರ ಜೀವ ಉಳಿಸಿತ್ತು. ರಾಯಭಾರಿ ನೆಲದ ಮೇಲೆ ಅಡ್ಡಬಿದ್ದಿತ್ತು, ಬಾಯಿಯ ಸುತ್ತ ನೊರೆ. ಹೆಂಡತಿ ಪಕ್ಕದಲ್ಲಿ ಕೂತು ಅದರ ಹೊಟ್ಟೆ ಸವರುತ್ತಿದ್ದಳು.

"ಲೇ, ಅದರಲ್ಲಿ ವಿಷ ಇತ್ತು ಕಣೇ!" ಎಂದು ಆತ ಅರಚಿದ. ಹತ್ತು ದಿನಗಳಲ್ಲಿ ಅವಳಿಗೇ ಆಡಿದ ಮೊದಲ ಮಾತು.

ಆಕೆ ಬೆಕ್ಕನ್ನು ಟವೆಲಿನಲ್ಲಿ ಸುತ್ತಿ ಎದ್ದಳು. ಪಶುವೈದ್ಯರ ಮನೆ ಎರಡು ಬೀದಿಯಾಚೆ. ಇಬ್ಬರೂ ಓಡಿದರು. ಮೊದಲ ಬೀದಿಯ ತಿರುವಿನಲ್ಲಿ ಆಕೆ ನಿಂತು, ಟವೆಲಿನೊಳಗೆ ಕೈ ಹಾಕಿ ನೋಡಿದಳು. ಕೈಯನ್ನು ಅಲ್ಲೇ ಇಟ್ಟುಕೊಂಡಳು.

"ಒಂದು ಮಾತು ಹೇಳಬಾರದಿತ್ತೇನ್ರೀ?"

"ಹೇಳಿದ್ದೆ."

"ಯಾರಿಗೆ?"

ಆತ ಟವೆಲಿನ ಕಡೆ ನೋಡಿದ. ಇನ್ನು ಏನಿದ್ದರೂ ಅವರು ನೇರವಾಗಿಯೇ ಮಾತಾಡಿಕೊಳ್ಳಬೇಕಿತ್ತು. ವೈದ್ಯರ ಮನೆಯ ದಾರಿ ಬಿಟ್ಟು ಇಬ್ಬರೂ ಮನೆಯ ಕಡೆ ತಿರುಗಿದರು.