ಹದಿನೆಂಟನೇ ನಿಮಿಷದ ತಪ್ಪು

ತಪ್ಪು ಮಾಡುವುದಕ್ಕೂ ಮುಹೂರ್ತ ಇಡಬೇಕು ಎನ್ನುವುದು ಅವಳಿಗೆ ಗೊತ್ತಾದದ್ದು ನಲವತ್ತಮೂರನೇ ವಯಸ್ಸಿನಲ್ಲಿ. ಪಾಠಯೋಜನೆಯ ಹಾಳೆಯಲ್ಲಿ ಅದಕ್ಕೆಂದೇ ಒಂದು ಸಾಲು ಇತ್ತು. ಮೊದಲ ಐದು ನಿಮಿಷ ಪೀಠಿಕೆ. ಅಲ್ಲಿಂದ ಕಂಪ್ಯೂಟರ್ ಪರದೆಯ ಮೇಲಿನ ಪುಟ್ಟ ಆಮೆಗೆ ಹೀಗೆ ಹೋಗು, ಹೀಗೆ ತಿರುಗು ಎಂದು ಆಜ್ಞೆ ಕೊಡುವುದು. ಹದಿನೆಂಟನೇ ನಿಮಿಷಕ್ಕೆ ಸರಿಯಾಗಿ ತಪ್ಪು. ಶಿಕ್ಷಕಿ ಬೇಕೆಂದೇ ಬಿಟ್ಟಿರುವ ಒಂದು ತಪ್ಪನ್ನು ಮಕ್ಕಳು ತಾವಾಗಿ ಹುಡುಕಿ ತಿದ್ದಬೇಕು. ಶಿಕ್ಷಕಿಯ ತರಬೇತಿಯಲ್ಲಿ ಈ ಕೋಡಿಂಗ್ ಪಾಠದ ಪರೀಕ್ಷೆಗಿರುವ ನೂರು ಅಂಕಗಳಲ್ಲಿ ನಲವತ್ತು ಆ ಒಂದು ತಪ್ಪಿಗೇ ಮೀಸಲು. ಜೀವನದಲ್ಲಿ ಮಾಡಿದ ಬೇರೆ ಯಾವ ತಪ್ಪಿಗೂ ಇಷ್ಟು ಅಂಕ ಯಾರೂ ಕೊಟ್ಟಿರಲಿಲ್ಲ.

ಬೆಳಿಗ್ಗೆ ಎದ್ದಾಗಿನಿಂದ ಅವಳು ಅದನ್ನೇ ಜಪಿಸುತ್ತಿದ್ದಳು. ಹಲ್ಲುಜ್ಜುವಾಗ ಹದಿನೆಂಟು, ಸೀರೆಯ ನೆರಿಗೆ ಹಿಡಿಯುವಾಗ ಹದಿನೆಂಟು. ಮಗಳು, "ಅಮ್ಮಾ, ಹಾಲು ಉಕ್ತಾ ಇದೆ" ಎಂದಾಗ "ಇನ್ನೂ ಹದಿನೆಂಟು ಆಗಿಲ್ಲ ಇರು" ಎಂದಳು. ಮಗಳು ತಾನೇ ಓಡಿಬಂದು ಒಲೆ ಆರಿಸಿದಳು.

ಪಾಠ ಮಾಡುವುದು ಅವಳಿಗೆ ಹೊಸದೇನಲ್ಲ. ಮನೆಯಿಂದ ಎರಡು ಬೀದಿ ಆಚೆಯ ಸಣ್ಣ ಶಾಲೆಯೊಂದರಲ್ಲಿ ಹನ್ನೊಂದು ವರ್ಷ ಮೂರನೇ ತರಗತಿಯನ್ನು ನೋಡಿಕೊಂಡವಳು. ಭಾಗಾಕಾರ ಎಂದರೆ ಬೆವರುವ ಮಕ್ಕಳು ಅವಳ ಕೈಯಲ್ಲಿ ನಗುನಗುತ್ತ ಭಾಗಾಕಾರ ಕಲಿತಿದ್ದರು. ಆದರೆ ಶಿಕ್ಷಕಿ ಎಂದು ಹೇಳುವ ತರಬೇತಿಯ ಕಾಗದ ಅವಳ ಹತ್ತಿರ ಇರಲಿಲ್ಲ. ಹೋದ ವರ್ಷ ಮುಖ್ಯೋಪಾಧ್ಯಾಯರು ಕರೆದು ಕೂರಿಸಿ, "ನಿಮ್ಮ ಪಾಠದ ಬಗ್ಗೆ ಎರಡು ಮಾತಿಲ್ಲಮ್ಮಾ. ಆದ್ರೆ ನಿಯಮ ಬದಲಾಗಿದೆ. ಬರೋ ವರ್ಷ ಮುಗಿಯೋದ್ರೊಳಗೆ ಸರ್ಟಿಫಿಕೇಟ್ ತಂದ್ರೆ ಮೂರನೇ ತರಗತಿ ನಿಮ್ದೇ. ತರಲಿಲ್ಲ ಅಂದ್ರೆ ನನ್ನ ಕೈಲೇನೂ ಇಲ್ಲ" ಎಂದಿದ್ದರು.

ಹಾಗಾಗಿ ಅವಳು ಇಪ್ಪತ್ತೆರಡರ ಹುಡುಗಿಯರ ನಡುವೆ ಬೆಂಚಿನಲ್ಲಿ ಕೂತು ವಿದ್ಯಾರ್ಥಿನಿಯಾದಳು. ಅವರೆಲ್ಲ ಅವಳನ್ನು ದೊಡ್ಡಮ್ಮ ಎಂದು ಕರೆಯುತ್ತಿದ್ದರು. ಮನಶ್ಶಾಸ್ತ್ರ, ಬೋಧನಾ ವಿಧಾನ, ಎಲ್ಲದರಲ್ಲೂ ದೊಡ್ಡಮ್ಮನೇ ಮುಂದು. ಕಂಪ್ಯೂಟರ್ ಕೋಣೆಗೆ ಕಾಲಿಟ್ಟರೆ ಮಾತ್ರ ಅಂಗೈಯಲ್ಲಿ ನೀರು. "ಮುಟ್ಟಿದ್ರೆ ಕಚ್ಚಲ್ಲಮ್ಮಾ ಅದು" ಎಂದು ಮಗಳು ಎಷ್ಟು ಹೇಳಿದರೂ ಅವಳು ಮೌಸನ್ನು ಬಿಸಿ ಪಾತ್ರೆಯಂತೆ ಎರಡು ಬೆರಳಲ್ಲಿ ಹಿಡಿಯುತ್ತಿದ್ದಳು.

ಹೋದ ತಿಂಗಳು ಮೊದಲ ಸಲ ಕೋಡಿಂಗ್ ಪಾಠದ ಪರೀಕ್ಷೆಗೆ ನಿಂತಿದ್ದಳು. ನಾಲ್ಕನೇ ನಿಮಿಷದಲ್ಲಿ ಪರದೆ ಕಪ್ಪಾಯಿತು. ಏನು ಒತ್ತಬೇಕೋ ತೋಚದೆ ಅವಳು ಸೀಮೆಸುಣ್ಣ ತೆಗೆದುಕೊಂಡು ಬೋರ್ಡಿನ ಮೇಲೆ ಆಮೆ ಬರೆದಳು. ಆಮೆ ಚೆನ್ನಾಗಿಯೇ ಬಂದಿತ್ತು. ಪರೀಕ್ಷಕರು, "ಇದು ಚಿತ್ರಕಲೆ ಕ್ಲಾಸಲ್ಲ" ಎಂದು ಬರೆದು ಎದ್ದು ಹೋದರು. ಎರಡು ಸಲಕ್ಕಿಂತ ಹೆಚ್ಚು ಅವಕಾಶವಿಲ್ಲ, ಇದೇ ಎರಡನೆಯದು. ಇದೂ ಹೋದರೆ ಮತ್ತೆ ಒಂದು ವರ್ಷ ಮೊದಲಿನಿಂದ ಓದಬೇಕು, ಅಷ್ಟರಲ್ಲಿ ಮೂರನೇ ತರಗತಿ ಇನ್ನೊಬ್ಬರದಾಗಿರುತ್ತದೆ.

ಆ ಹೆದರಿಕೆಗೆ ಉಪಾಯ ಹೇಳಿಕೊಟ್ಟವಳು ಪಕ್ಕದಲ್ಲಿ ಕೂರುವ ಹುಡುಗಿ. ಮಾತು ಪಟಪಟ ಸಿಡಿಯುತ್ತದೆಂದು ಎಲ್ಲರೂ ಅವಳನ್ನು ಪಟಾಕಿ ಎನ್ನುತ್ತಿದ್ದರು.

"ಅಯ್ಯೋ ದೊಡ್ಡಮ್ಮಾ, ಪರೀಕ್ಷೆ ದಿನ ಯಾರಾದ್ರೂ ಹೊಸ ಪಾಠ ಮಾಡ್ತಾರಾ? ಹಿಂದಿನ ದಿನಾನೇ ಅದೇ ಮಕ್ಕಳಿಗೆ ಒಂದು ಸಲ ಮಾಡಿಬಿಡಿ. ಮಾರನೇ ದಿನ ನೀವು ಕೇಳೋದಷ್ಟೇ ತಡ, ಉತ್ತರ ಉದುರುತ್ತೆ."

"ಗೊತ್ತಾದ್ರೆ ಸೊನ್ನೆ ಅಂತ ಹೇಳಿದಾರಲ್ಲೇ."

"ಗೊತ್ತಾದ್ರೆ ತಾನೇ? ನಾವೆಲ್ಲ ಮಾಡಿದ್ದು ಹಂಗೇನೇ."

ಅದು ನಿಜವೂ ಆಗಿತ್ತು. ಒಮ್ಮೆ ಮಾಡಿದ ಪಾಠವನ್ನು ಅದೇ ತರಗತಿಗೆ ಪರೀಕ್ಷೆಯ ದಿನ ಮಾಡಿದರೆ ಸೊನ್ನೆ ಎಂಬ ನಿಯಮ ಗೋಡೆಯ ಮೇಲೇ ಅಂಟಿಸಿತ್ತು. ಆ ಗೋಡೆಗೆ ಒರಗಿ ನಿಂತೇ ಎಲ್ಲರೂ ಇಂಥ ಯೋಜನೆ ಹಾಕುತ್ತಿದ್ದರು. ಬೆಕ್ಕು ಕಣ್ಣುಮುಚ್ಚಿ ಹಾಲು ಕುಡಿಯುವ ಹಾಗೆ ಇಡೀ ತರಬೇತಿ ಕಾಲೇಜೇ ಕಣ್ಣುಮುಚ್ಚಿಕೊಂಡಿತ್ತು.

ನಿನ್ನೆ ಕೊನೆಯ ಪೀರಿಯಡ್ಡಿನಲ್ಲಿ ಅವಳೂ ಕಣ್ಣುಮುಚ್ಚಿದಳು. ಅಭ್ಯಾಸಕ್ಕೆಂದು ಕೊಟ್ಟಿದ್ದ ಶಾಲೆಯ ಆರನೇ ತರಗತಿ, ಮೂವತ್ತೊಂದು ಮಕ್ಕಳು. ಆಮೆ ಒಂದು ಚೌಕ ಬರೆಯಬೇಕು. ನೂರು ಹೆಜ್ಜೆ ನಡೆ, ಬಲಕ್ಕೆ ತಿರುಗು. ಇದನ್ನು ನಾಲ್ಕು ಸಲ ಮಾಡು. ಅವಳು ಬೇಕೆಂದೇ ಮೂರು ಸಲ ಎಂದಿಟ್ಟಿದ್ದಳು. ಮೂರು ಗೋಡೆಯಾಗಿ ನಾಲ್ಕನೆಯದು ಇಲ್ಲದೆ ಆಮೆ ನಿಂತಿತು. ಮಕ್ಕಳು ನಕ್ಕರು, ಹುಡುಕಿದರು, ನಾಲ್ಕು ಎಂದು ತಿದ್ದಿದರು. ಅವಳು ಮತ್ತೆ ಅದನ್ನು ಮೂರು ಮಾಡಿ, ಮಗಳು ಹೇಳಿಕೊಟ್ಟ ಹಾಗೆ ಸೇವ್ ಮಾಡಿದಳು.

ಆಮೇಲೆ ಹೇಳಬಾರದ ಮಾತು ಹೇಳಿದಳು. "ನಾಳೆ ಒಬ್ರು ದೊಡ್ಡವರು ಬಂದು ಹಿಂದೆ ಕೂರ್ತಾರೆ. ನಾಳೆನೂ ಇದೇ ಪಾಠ. ನೀವು ನಾಳೆನೇ ಮೊದಲ ಸಲ ನೋಡ್ತಿರೋ ಹಾಗಿರ್ಬೇಕು. ಇವತ್ತಿಂದು ಯಾರಿಗೂ ಹೇಳ್ಬೇಡಿ." ಹನ್ನೊಂದು ವರ್ಷದಲ್ಲಿ ಮಕ್ಕಳಿಗೆ ಸುಳ್ಳು ಹೇಳಿ ಎಂದು ಅವಳು ಹೇಳಿದ್ದು ಇದೇ ಮೊದಲು. ಹೇಳುವಾಗ ಅವಳಿಗೆ ನಾಚಿಕೆಯಾಯಿತು. ತರಗತಿಯ ಲೀಡರ್ ಹುಡುಗಿ ಎದ್ದು ನಿಂತು, "ನೀವು ಯೋಚನೆ ಮಾಡ್ಬೇಡಿ ಮಿಸ್, ನಾವು ನೋಡ್ಕೋತೀವಿ" ಎಂದಳು.

ಇವತ್ತಿನ ಪರೀಕ್ಷಕಿ ಎತ್ತರದ ಹೆಂಗಸು, ಪೂರ್ತಿ ನರೆತ ತಲೆ. ಮಕ್ಕಳ ಬೆಂಚಿನಲ್ಲಿ ಮೊಣಕಾಲು ಹಿಡಿಸದೆ ಓರೆಯಾಗಿ ಕೂತು, ಪೆನ್ಸಿಲ್ ಚೂಪು ಮಾಡಿಕೊಂಡು, "ಶುರು ಮಾಡಿ" ಎಂದರು. ಪೀಠಿಕೆ ಸುಸೂತ್ರವಾಗಿ ಬಂತು. ಮಕ್ಕಳೇ ಸ್ವಲ್ಪ ಅತಿ ಮಾಡಿದರು. ಪರದೆಯ ಮೇಲೆ ಆಮೆ ಕಾಣಿಸಿದ್ದೇ ತಡ, ಮೂವತ್ತೊಂದು ಬಾಯಿಗಳು ಒಟ್ಟಿಗೆ "ಓಹೋ" ಎಂದವು. ಹುಟ್ಟಿದಾಗಿನಿಂದ ಆಮೆಯನ್ನೇ ಕಾಣದವರ ಹಾಗೆ ಒಬ್ಬ ಹುಡುಗ ಕೆನ್ನೆ ಮೇಲೆ ಕೈಯಿಟ್ಟುಕೊಂಡ. ಪರೀಕ್ಷಕಿ ಏನನ್ನೋ ಬರೆದುಕೊಂಡರು.

ಹತ್ತು ನಿಮಿಷ. ಹದಿಮೂರು. ಗೋಡೆ ಗಡಿಯಾರದ ಮುಳ್ಳಿಗೂ ಅವಳಿಗೂ ಜಗಳ. ಹದಿನೆಂಟಕ್ಕೆ ಸರಿಯಾಗಿ ಅವಳು ಹಸಿರು ಗುಂಡಿ ಒತ್ತಿದಳು.

ಆಮೆ ಮೇಲೆ ಹೋಯಿತು, ತಿರುಗಿತು. ಪಕ್ಕಕ್ಕೆ ಹೋಯಿತು, ತಿರುಗಿತು. ಕೆಳಗಿಳಿಯಿತು. ಇಲ್ಲಿ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಮತ್ತೆ ತಿರುಗಿ, ನಾಲ್ಕನೇ ಗೋಡೆಯನ್ನೂ ಎಳೆದು, ಹೊರಟ ಜಾಗಕ್ಕೇ ಬಂದು ಅಚ್ಚುಕಟ್ಟಾಗಿ ಕೂತಿತು. ಒಂದಿಷ್ಟೂ ಕೊರತೆಯಿಲ್ಲದ ಚೌಕ. ಮಕ್ಕಳ ಮುಖವೆಲ್ಲ ಬೆಳಗುತ್ತಿತ್ತು. ಲೀಡರ್ ಹುಡುಗಿ ಅವಳತ್ತ ನೋಡಿ ಸಣ್ಣಗೆ ತಲೆಯಾಡಿಸಿದಳು.

ಎಲ್ಲ ಸರಿಯಾಗಿರುವುದನ್ನು ಕಂಡು ಅವಳು ಇಷ್ಟು ಹೆದರಿದ್ದು ಹಿಂದೆಂದೂ ಇಲ್ಲ. ತಲೆ ಖಾಲಿಯಾಯಿತು. ಖಾಲಿ ತಲೆಯಲ್ಲಿ ಉಳಿದದ್ದು ಬೆಳಿಗ್ಗೆಯಿಂದ ಉರುಹೊಡೆದ ವಾಕ್ಯ ಒಂದೇ. ಅದು ತಾನಾಗಿಯೇ ಬಾಯಿಂದ ಹೊರಬಿತ್ತು.

"ಮಕ್ಕಳೇ, ಇಲ್ಲಿ ಏನೋ ತಪ್ಪಿದೆಯಲ್ಲ, ಯಾರು ಹೇಳ್ತೀರಾ?"

ಕೆನ್ನೆ ಮೇಲೆ ಕೈಯಿಟ್ಟುಕೊಂಡಿದ್ದ ಹುಡುಗ ಛಂಗನೆ ಎದ್ದ. ನಿನ್ನೆ ಇದೇ ಪ್ರಶ್ನೆಗೆ ಉತ್ತರ ಹೇಳಿದವನೂ ಅವನೇ. "ಮಿಸ್, ಮೂರು ಸಲ ಅಂತ ಇದೆ ಮಿಸ್. ಅದನ್ನ ನಾಲ್ಕು ಸಲ ಅಂತ ಮಾಡ್ಬೇಕು ಮಿಸ್."

ಪರದೆಯ ಮೇಲೆ ನಾಲ್ಕು ಎಂದೇ ಇತ್ತು, ಅಂಗೈಯಗಲದ ಅಂಕಿಯಲ್ಲಿ.

ಪರೀಕ್ಷಕಿ ತಲೆಯೆತ್ತಿದರು. ಪರದೆ ನೋಡಿದರು, ಹುಡುಗನನ್ನು ನೋಡಿದರು. ಅವಳು ಗಡಿಬಿಡಿಯಿಂದ ಮೌಸ್ ಹಿಡಿದು ನಾಲ್ಕನ್ನು ಮೂರು ಮಾಡಲು ಹೋದಳು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. ಬೆರಳಿಗೆ ಅಂಕಿಯ ಬದಲು ಇನ್ನೇನೋ ಸಿಕ್ಕಿತು, ಏನೋ ಜಾರಿತು, ಗುಂಡಿ ಒತ್ತಿದಳು. ಆಮೆ ತಿರುಗುವುದನ್ನೇ ಮರೆತು ನೆಟ್ಟಗೆ ಮೇಲೆ ಹೋಗಿ, ಹೋಗಿ, ಪರದೆಯ ಅಂಚು ದಾಟಿ ಮಾಯವಾಯಿತು.

"ಇರ್ಲಿ ಬಿಡಿ" ಎಂದರು ಪರೀಕ್ಷಕಿ. ದನಿ ಮೆತ್ತಗೇ ಇತ್ತು, ಅದೇ ಹೆಚ್ಚು ಹೆದರಿಸಿತು. ಹುಡುಗನ ಕಡೆ ತಿರುಗಿ ಕೇಳಿದರು, "ನಾಲ್ಕು ಅಂತ ಇದ್ದಿದ್ದು ನಿಂಗೆ ಮೂರು ಅಂತ ಹೆಂಗೆ ಕಾಣಿಸ್ತಪ್ಪಾ?"

ಹುಡುಗ ಪರದೆಯತ್ತ ತಿರುಗಿ ನೋಡಿದ. ಆಗ ಲೀಡರ್ ಹುಡುಗಿ ಎದ್ದು ನಿಂತಳು.

"ಮೇಡಂ, ಅವನಿಗೆ ಕಣ್ಣು ಸರಿಯಾಗಿ ಕಾಣಲ್ಲ ಮೇಡಂ."

"ಹೌದಾ?"

"ಹೌದು ಮೇಡಂ. ಯಾವಾಗ್ಲೂ ಹಿಂಗೇ ತಪ್ಪುತಪ್ಪಾಗಿ ಹೇಳ್ತಾನೆ. ಸ್ವಲ್ಪ ದಡ್ಡ." ಹಿಂದಿನ ಸಾಲಿನ ಇಬ್ಬರು ಹೌದು ಹೌದು ಎಂದು ತಲೆಯಾಡಿಸಿದರು.

ಹುಡುಗ ಸುತ್ತ ನೋಡಿದ. ಅವನ ಕಿವಿ ಕೆಂಪಾಗಿತ್ತು. ಆಮೇಲೆ ಮಿಸ್ ಮುಖ ನೋಡಿದ. ಅವಳಿಗಾಗಿ ಏನು ಮಾಡಬೇಕು ಎನ್ನುವುದು ಅವನಿಗೆ ಅರ್ಥವಾಗಿತ್ತು. "ಹೌದು ಮೇಡಂ," ಎಂದ, "ನಂಗೆ ಸರಿಯಾಗಿ ಕಾಣಲ್ಲ. ನಾನು ದಡ್ಡ."

ಪರೀಕ್ಷಕಿ ಅವಳ ಕಡೆ ನೋಡಿದರು. ಕೈಯಲ್ಲಿ ಪೆನ್ಸಿಲ್ ತಡೆದು ನಿಂತಿತ್ತು. ಅವಳು ಏನೂ ಹೇಳಬೇಕಾಗಿರಲಿಲ್ಲ. ಸುಮ್ಮನೆ ಒಂದು ಸಲ ಮುಗುಳ್ನಕ್ಕು, ಆ ಹುಡುಗ ಹಾಗೇನೇ ಎನ್ನುವ ಹಾಗೆ ಕೈಯಾಡಿಸಿದರೆ ಸಾಕಿತ್ತು. ಆಮೆ ತಪ್ಪಿಸಿಕೊಂಡಿದ್ದಕ್ಕೆ ಒಂದಷ್ಟು ಅಂಕ ಹೋಗುತ್ತಿತ್ತು, ಪಾಸಾಗುವಷ್ಟು ಉಳಿಯುತ್ತಿತ್ತು. ಮೂರನೇ ತರಗತಿ ಉಳಿಯುತ್ತಿತ್ತು. ಅವಳು ಅದೆಲ್ಲವನ್ನೂ ಒಂದೇ ಉಸಿರಿನಲ್ಲಿ ಲೆಕ್ಕ ಹಾಕಿದಳು, ಮತ್ತು ಆ ಲೆಕ್ಕ ಅವಳಿಗೆ ಇಷ್ಟವಾಯಿತು. ಇಷ್ಟವಾಯಿತು ಎನ್ನುವುದಕ್ಕೆ ಆಮೇಲೆ ಎಷ್ಟೋ ದಿನ ಅವಳು ತನ್ನನ್ನು ಕ್ಷಮಿಸಿಕೊಳ್ಳಲಿಲ್ಲ.

ಹುಡುಗ ಇನ್ನೂ ನಿಂತೇ ಇದ್ದ. ಕೂರು ಎಂದು ಅವಳು ಹೇಳಲಿ ಎಂದು ಕಾಯುತ್ತಿದ್ದ. ದಡ್ಡ ಎನ್ನುವ ಮಾತು ಒಮ್ಮೆ ತರಗತಿಯಲ್ಲಿ ಬಿದ್ದರೆ ಎಷ್ಟು ವರ್ಷ ಅಂಟಿಕೊಂಡಿರುತ್ತದೆ ಎನ್ನುವುದು ಹನ್ನೊಂದು ವರ್ಷ ಪಾಠ ಮಾಡಿದವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಅವನ ಕಣ್ಣು ಚೆನ್ನಾಗಿದೆ ಮೇಡಂ," ಎಂದಳು. "ದಡ್ಡನೂ ಅಲ್ಲ. ನಿನ್ನೆ ನಾನು ಇವರಿಗೆ ಇದೇ ಪಾಠ ಮಾಡಿದ್ದೆ. ಏನು ಹೇಳ್ಬೇಕು ಅಂತ ನಾನೇ ಹೇಳಿಕೊಟ್ಟಿದ್ದೆ. ಅವನು ನಾನು ಹೇಳಿದ್ದನ್ನ ಸರಿಯಾಗೇ ಹೇಳಿದ. ಕೂತ್ಕೋ ಮಗು."

ಹುಡುಗ ಕೂತ. ಪರೀಕ್ಷಕಿ ಪೆನ್ಸಿಲ್ ಎತ್ತಿಟ್ಟು ಚೀಲದಿಂದ ಪೆನ್ನು ತೆಗೆದರು.

"ನಿಯಮ ಗೊತ್ತಲ್ವಾ?"

"ಗೊತ್ತು."

"ಎರಡನೇ ಸಲ, ಅಲ್ವಾ?"

"ಹೌದು."

"ಎಲ್ರೂ ಮಾಡ್ತಾರೆ ಅಂತ ನಂಗೂ ಗೊತ್ತಮ್ಮಾ. ಆದ್ರೆ ನೀವು ಬಾಯಿಬಿಟ್ಟು ಹೇಳಿದ ಮೇಲೆ ನಾನು ಕೇಳಿಸ್ಕೊಳ್ಳದ ಹಾಗೆ ಇರೋಕಾಗಲ್ಲ." ಹಾಳೆಯನ್ನು ಅವಳ ಮುಂದಿಟ್ಟರು. ನೂರಕ್ಕೆ ಸೊನ್ನೆ. ಕೆಳಗೆ ಅವಳು ಸಹಿ ಮಾಡಬೇಕಾದ ಗೆರೆ. ಅವಳು ಸಹಿ ಮಾಡಿದಳು. ಪರೀಕ್ಷಕಿ ಹಾಳೆಯನ್ನು ಚೀಲಕ್ಕೆ ಹಾಕಿಕೊಂಡು ಹೋದರು.

ಲೀಡರ್ ಹುಡುಗಿ ಬಿಕ್ಕಿ ಬಿಕ್ಕಿ ಅಳಲು ಶುರುಮಾಡಿದಳು. "ನಾನೇ ಮಿಸ್ ನಾಲ್ಕು ಮಾಡಿದ್ದು. ನಿನ್ನೆ ನೀವು ಹೋದ ಮೇಲೆ. ತಪ್ಪು ಹಂಗೇ ಉಳಿದುಬಿಟ್ಟಿದೆಯಲ್ಲ, ನೀವು ಮರೆತಿರ್ಬೇಕು, ನಾಳೆ ಮಿಸ್‌ಗೆ ಬೈತಾರೆ ಅಂತ."

"ತಪ್ಪು ಕಂಡ್ರೆ ತಿದ್ಬೇಕು ಅಂತ ನಾನೇ ತಾನೇ ಹೇಳಿಕೊಟ್ಟಿದ್ದು," ಎಂದಳು ಅವಳು. "ಅದಕ್ಕೆ ಅಳಬೇಡ. ಅವನಿಗೆ ದಡ್ಡ ಅಂದೆಯಲ್ಲ, ಅದಕ್ಕೆ ಮಾತ್ರ ಹೋಗಿ ಸಾರಿ ಕೇಳು."

ಹುಡುಗಿ ಮೂಗೊರೆಸಿಕೊಂಡು ಹೋಗಿ ಕೇಳಿದಳು. ಹುಡುಗ "ಹೂಂ" ಎಂದ. ಮುಂದೇನು ಎನ್ನುವುದನ್ನು ನಿನ್ನೆ ಯಾರೂ ಹೇಳಿಕೊಟ್ಟಿರಲಿಲ್ಲ.

ಕೊನೆಗೆ ಆ ಹುಡುಗನೇ ಕೇಳಿದ. "ಮಿಸ್, ಆಮೆ ಎಲ್ಲಿ ಹೋಯ್ತು?"

"ಗೊತ್ತಿಲ್ಲ ಕಣೋ."

ಅವನು ಅವಳ ಮುಖವನ್ನೇ ನೋಡಿದ. ಉಳಿದವರೂ ನೋಡಿದರು. "ನಿಜವಾಗ್ಲೂ ಗೊತ್ತಿಲ್ವಾ ಮಿಸ್, ಇಲ್ಲಾ ನಿನ್ನೆ ಥರ ಸುಮ್ನೆ ಗೊತ್ತಿಲ್ಲ ಅಂತಿದೀರಾ?"

ಸೊನ್ನೆಗಿಂತ ಈ ಪ್ರಶ್ನೆ ಅವಳಿಗೆ ಹೆಚ್ಚು ನಾಟಿತು. "ನಿಜವಾಗ್ಲೂ ಗೊತ್ತಿಲ್ಲ," ಎಂದಳು. "ಹೆಂಗೆ ವಾಪಸ್ ಕರೆಯೋದು ಅಂತಾನೂ ಗೊತ್ತಿಲ್ಲ. ನೀವು ನೋಡ್ತೀರಾ?"

ಮೂವತ್ತೊಂದು ಮಕ್ಕಳೂ ಒಟ್ಟಿಗೆ ಎದ್ದು ಬಂದು ಕಂಪ್ಯೂಟರನ್ನು ಮುತ್ತಿದರು. ಮೇಲೆ ಹುಡುಕು ಎಂದು ಒಬ್ಬ, ಅಲ್ಲ ಆಜ್ಞೆಗಳನ್ನ ಒಂದೊಂದಾಗಿ ಓದೋಣ ಎಂದು ಇನ್ನೊಬ್ಬಳು, ಯಾರ ಕಾಲನ್ನೋ ಯಾರೋ ತುಳಿದರು. ನೂಕುನುಗ್ಗಲಿನಲ್ಲಿ ಅವಳು ಹಿಂದೆ ಹಿಂದೆ ಸರಿದು, ಪರೀಕ್ಷಕಿ ಕೂತಿದ್ದ ಬೆಂಚಿಗೆ ತಾಗಿ ನಿಂತಳು. ಗಂಟೆ ಹೊಡೆಯಲು ಇನ್ನೂ ಹನ್ನೆರಡು ನಿಮಿಷ ಇತ್ತು, ಆಮೆ ಸಿಕ್ಕಿರಲಿಲ್ಲ.