ಮೂಗಿಗೆ ಹಾಕೋ ಲಸಿಕೆಯಲ್ಲಿ ಯಾವ ಕೊಬ್ಬು?

ಮಳೆಗಾಳಿ ಶುರುವಾದರೆ ಸುಲಾವೆಸಿ ದ್ವೀಪದ ನಮ್ಮ ಕಡಲೂರಿನಲ್ಲಿ ಮನೆಗೊಬ್ಬರು ಕೆಮ್ಮುತ್ತಾರೆ. ಕಳೆದ ಮಳೆಗಾಲದಲ್ಲಿ ಒಣಮೀನು ಮಾರುವ ಬೆಸ್ಸೆ ಅಜ್ಜಿಯ ಮೊಮ್ಮಗಳು, ಐದು ವರ್ಷದ ಮರ್ವಾಗೆ ಫ್ಲೂ ಜ್ವರ ಶ್ವಾಸಕೋಶಕ್ಕಿಳಿಯಿತು. ದೋಣಿಯಲ್ಲಿ ಆಸ್ಪತ್ರೆಗೆ ಸಾಗಿಸಬೇಕಾಯಿತು. ಒಂಬತ್ತು ದಿನ ಮಗು ಉಳಿಯುತ್ತದೋ ಇಲ್ಲವೋ ಎಂಬಂತಿತ್ತು.

ಅದಕ್ಕೇ ಈ ವರ್ಷ ಊರಿನ ಆರೋಗ್ಯ ಕೇಂದ್ರಕ್ಕೆ ಮೂಗಿಗೆ ಸಿಂಪಡಿಸುವ ಹೊಸ ಫ್ಲೂ ಲಸಿಕೆ ಬಂದಾಗ ಮರ್ವಾಳ ತಾಯಿ ತೆನ್ರಿ ಎಲ್ಲರಿಗಿಂತ ಮೊದಲು ಸಾಲಿನಲ್ಲಿ ನಿಂತಳು. ಹಿಂದೆಯೇ ಅತ್ತೆ ಬೆಸ್ಸೆ ಅಜ್ಜಿಯೂ ಬಂದಳು, ಸಾಲಿಗಲ್ಲ, ಜಗಳಕ್ಕೆ. ಹೆಸರು ಬರೆದುಕೊಳ್ಳಲು ಕೂತಿದ್ದವಳು ನಾನು.

"ಸೂಜಿ ಇಲ್ಲ, ನೋವಿಲ್ಲ ಅಂತಾರೆ. ಅಷ್ಟು ಸಲೀಸು ಅಂದ್ರೇನೇ ನಂಗೆ ಅನುಮಾನ," ಎಂದಳು ಅಜ್ಜಿ.

"ಕೂತ್ಕೊಳ್ಳಿ ಅಜ್ಜಿ. ಏನು ಕೇಳ್ಬೇಕೋ ಕೇಳಿ," ಎಂದರು ನರ್ಸ್ ರೋಸ್ಮಿಯಾತಿ.

"ಇದರಲ್ಲಿ ಕೊಬ್ಬು ಇದೆಯಂತೆ. ಯಾವ ಪ್ರಾಣಿದು? ಹಂದಿದಾದ್ರೆ ನಾವು ಮುಟ್ಟೋ ಹಾಗಿಲ್ಲ."

ಸಾಲಿನಲ್ಲಿ ಗುಸುಗುಸು ಎದ್ದಿತು. ಇಬ್ಬರು ಹೆಂಗಸರು ಮಕ್ಕಳ ಕೈ ಹಿಡಿದು ಹೊರಟೇಬಿಟ್ಟರು.

"ಕೊಬ್ಬು ಇರೋದು ನಿಜ. ಯಾವುದರದ್ದು ಅಂತ ನಂಗೂ ಸರಿಯಾಗಿ ಗೊತ್ತಿಲ್ಲ. ಗೊತ್ತಿಲ್ದೆ ಹೇಳಲ್ಲ," ಎಂದು ನರ್ಸ್ ಲಸಿಕೆ ಪೆಟ್ಟಿಗೆ ಮುಚ್ಚಿ, ಜಿಲ್ಲಾ ಕಚೇರಿಗೆ ಫೋನು ಮಾಡಿದರು. ಅರ್ಧ ಗಂಟೆ ಎಲ್ಲರೂ ಕಾದೆವು. ಫೋನಿಗೆ ಬಂದ ಕಾಗದದ ಚಿತ್ರವನ್ನು ತೆನ್ರಿ ಗಟ್ಟಿಯಾಗಿ ಓದಿದಳು. "ಸೋಯಾದಿಂದ ತೆಗೆದ ಕೊಬ್ಬಂತೆ ಅತ್ತೆ. ಹಲಾಲ್ ಮುದ್ರೆನೂ ಇದೆ."

"ಮುದ್ರೆ ಒತ್ತೋಕೆ ಎಷ್ಟೊತ್ತು ಬೇಕು? ಔಷಧಿಗೆ ಕೊಬ್ಬು ಯಾಕಮ್ಮ, ಅದು ಹೇಳು."

"ಸಾರಿನ ಮೇಲೆ ಎಣ್ಣೆ ಗುಳ್ಳೆ ತೇಲುತ್ತಲ್ಲ ಅಜ್ಜಿ," ಎಂದರು ನರ್ಸ್. "ಅದಕ್ಕಿಂತ ಎಷ್ಟೋ ಸಾವಿರ ಪಾಲು ಚಿಕ್ಕ ಗುಳ್ಳೆ. ಲೈಪೋಸೋಮ್ ಅಂತಾರೆ. ಲಸಿಕೆ ಅದರೊಳಗಿರತ್ತೆ. ಬರೀ ಲಸಿಕೆ ಹಾಕಿದ್ರೆ ಸಿಂಬಳದ ಜೊತೆ ಹರಿದುಹೋಗತ್ತೆ. ಗುಳ್ಳೆಯೊಳಗಿದ್ರೆ ಕೆಡಲ್ಲ, ಮೂಗಿನ ಒಳಪದರಕ್ಕೆ ಅಂಟಿಕೊಳ್ಳತ್ತೆ. ಫ್ಲೂ ಬರೋದೂ ಅದೇ ದಾರೀಲಿ. ಅಲ್ಲೇ ಅದನ್ನ ಗುರುತು ಹಿಡಿಯೋದನ್ನ ಮೈ ಕಲಿಯತ್ತೆ."

"ಮೂಗಿಂದ ತಲೆಗೇರಿದ್ರೆ?"

"ಆ ಭಯ ಡಾಕ್ಟರುಗಳಿಗೂ ಇತ್ತು. ಅದಕ್ಕೇ ವರ್ಷಗಟ್ಟಲೆ ಪರೀಕ್ಷೆ ಮಾಡಿ ಬಿಟ್ಟಿದ್ದಾರೆ. ಒಂದೆರಡು ದಿನ ಮೂಗು ಸೋರಬಹುದು, ಮೈ ಬೆಚ್ಚಗಾಗಬಹುದು. ಏನೇನೂ ಆಗಲ್ಲ ಅಂತ ನಾನು ಹೇಳಲ್ಲ."

ಅಜ್ಜಿಯ ಹುಬ್ಬಿನ ಗಂಟು ಸಡಿಲಲಿಲ್ಲ. ತೆನ್ರಿಗೆ ತಾಳ್ಮೆ ತಪ್ಪಿತು. "ಮರ್ವಾಗೆ ಮೊದಲು ಹಾಕಿಬಿಡಿ," ಎಂದು ಮಗುವನ್ನು ಮುಂದೆ ತಳ್ಳಿದಳು.

"ಮಗುಗೆ ಉಬ್ಬಸ ಇದೆಯಾ?" ನರ್ಸ್ ಕೇಳಿದರು.

"ಇಲ್ಲ," ಎಂದಳು ತೆನ್ರಿ.

"ಯಾಕೆ ಸುಳ್ಳು ಹೇಳ್ತೀಯ? ಮೊನ್ನೆ ಮನೆ ಮೆಟ್ಟಿಲು ಹತ್ತಿದ್ದಕ್ಕೇ ಎದೆ ಸುಯ್ ಸುಯ್ ಅಂತಿತ್ತು," ಎಂದಳು ಅಜ್ಜಿ.

ತೆನ್ರಿಯ ಕಣ್ಣು ತುಂಬಿತು. "ಹೇಳಿದ್ರೆ ಕೊಡಲ್ವೇನೋ ಅಂತ ಭಯ ಆಯ್ತು."

ನರ್ಸ್ ಕೈಯಲ್ಲಿದ್ದುದನ್ನು ಕೆಳಗಿಟ್ಟರು. "ಹಾಗಾದ್ರೆ ಇವಳಿಗೆ ಇದು ಬೇಡ, ಉಬ್ಬಸ ಜಾಸ್ತಿಯಾಗಬಹುದು. ಆಸ್ಪತ್ರೇಲಿ ಸೂಜಿ ಲಸಿಕೆ ಇದೆ, ಡಾಕ್ಟರು ನೋಡಿ ಕೊಡ್ತಾರೆ. ನಾಡಿದ್ದೇ ಕರ್ಕೊಂಡು ಹೋಗು."

ಅಜ್ಜಿ ಮರ್ವಾಳನ್ನು ತನ್ನ ಕಡೆಗೆ ಎಳೆದುಕೊಂಡಳು.

"ಮೋಸ ಮಾಡೋರಾಗಿದ್ರೆ, ಇವಳಿಗೆ ಬೇಡ ಅಂತ ವಾಪಸ್ ಕಳಿಸ್ತಿರಲಿಲ್ಲ," ಎಂದಳು ಮೆಲ್ಲಗೆ. ಆಮೇಲೆ, "ಇವಳಿಗೆ ಆಗಲ್ಲ ಅಂದ್ರೆ, ಇವಳಿಗೆ ರೋಗ ತಂದು ಅಂಟಿಸೋರು ಮನೇಲಿರೋ ನಾವೇ ತಾನೆ? ನಂಗೆ ಹಾಕು ಮಗಳೇ."

ಹಾಕಿಸಿಕೊಂಡು, ಗಂಟಲು ಕಹಿಯಾಯಿತೆಂದು ಗೊಣಗುತ್ತಾ, ಕಾಯಲು ಹೇಳಿದಷ್ಟು ಹೊತ್ತೂ ಬೆಂಚಿನ ಮೇಲೆ ನರ್ಸನ್ನು ಕಾವಲು ಕಾಯುವವಳಂತೆ ಕೂತಳು. ತೆನ್ರಿಯೂ ಹಾಕಿಸಿಕೊಂಡಳು. ಹೊರಟುಹೋಗಿದ್ದ ಹೆಂಗಸರು ಸುದ್ದಿ ಕೇಳಿ ಮಕ್ಕಳೊಂದಿಗೆ ತಿರುಗಿ ಬಂದರು. ಎರಡು ದಿನ ಬಿಟ್ಟು ಮರ್ವಾಗೆ ಸೂಜಿಯಾಯಿತು. ಊರಿಗೇ ಕೇಳುವಂತೆ ಅತ್ತಳಂತೆ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಲಸಿಕೆಯ ಮೇಲೆ ಅನುಮಾನ ಬಂದರೆ ಬೇಲಿ ಪಕ್ಕ ಪಿಸುಗುಟ್ಟಬೇಡಿ, ಕೊಡುವವರನ್ನೇ ಕೇಳಿ. ಯಾವುದರಿಂದ ಮಾಡಿದ್ದು, ಯಾರಿಗೆ ಆಗುವುದಿಲ್ಲ ಎಂದು ಕೇಳಿ. ಮಗುವಿನ ಉಬ್ಬಸ, ಜ್ವರ, ಅಲರ್ಜಿಯನ್ನು ನೀವೂ ಮುಚ್ಚಿಡಬೇಡಿ. ಸರಿಯಾದ ಉತ್ತರ ಸಿಕ್ಕಿತೇ? ಹಾಗಾದರೆ ಇನ್ನು ತಡಮಾಡಬೇಡಿ, ಮನೆಯವರನ್ನೆಲ್ಲ ಕರೆದುಕೊಂಡು ಹೊರಡಿ.